ಸ್ಥಳೀಯ ತೆರಿಗೆ, ಅಸೆಸ್‌ಮೆಂಟ್ ಮತ್ತು ಶುಲ್ಕಗಳಿಗೆ ಜನರ ಅನುಮೋದನೆ: ಕ್ಯಾಲಿಫೋರ್ನಿಯಾದ ಪ್ರೊಪೊಸಿಷನ್ 218 ಕುರಿತು ಸಾರ್ವಜನಿಕ ಮಾಹಿತಿ

ಪೀಠಿಕೆ

ಕ್ಯಾಲಿಫೋರ್ನಿಯಾ ರಾಜ್ಯದಲ್ಲಿ ನಗರ, ಕೌಂಟಿ, ಶಾಲಾ ಜಿಲ್ಲೆ, ನೀರು ಸರಬರಾಜು ಜಿಲ್ಲೆ ಮುಂತಾದ ಸ್ಥಳೀಯ ಸಂಸ್ಥೆಗಳು ಹೊಸದಾಗಿ ತೆರಿಗೆ ವಿಧಿಸಬೇಕಾದಲ್ಲಿ ಅಥವಾ ಸ್ವತ್ತಿನ ಮೇಲಿನ ಕರ ಹಾಗೂ ಶುಲ್ಕಗಳನ್ನು ಹೆಚ್ಚಿಸಬೇಕಾದಲ್ಲಿ ಆಡಳಿತ ಮಂಡಳಿಯ ತೀರ್ಮಾನವೊಂದೇ ಸಾಲುವುದಿಲ್ಲ. ಮತದಾರರ ಅಥವಾ ಸ್ವತ್ತಿನ ಮಾಲೀಕರ ಅಭಿಪ್ರಾಯವನ್ನು ಪಡೆಯುವುದು ರಾಜ್ಯ ಸಂವಿಧಾನದ ಪ್ರಕಾರ ಕಡ್ಡಾಯವಾಗಿರುತ್ತದೆ. 1996ರ ನವೆಂಬರ್ 5ರಂದು ಮತದಾರರು ಅಂಗೀಕರಿಸಿದ ಪ್ರೊಪೊಸಿಷನ್ 218 ಈ ವ್ಯವಸ್ಥೆಗೆ ಆಧಾರವಾಗಿದೆ.

ಕರ್ನಾಟಕದಿಂದ ಬಂದು ಈ ರಾಜ್ಯದಲ್ಲಿ ನೆಲೆಸಿರುವವರಿಗೆ ಈ ವ್ಯವಸ್ಥೆಯು ಹೊಸದಾಗಿ ಕಾಣುವುದು ಸಹಜ. ಕರ್ನಾಟಕದಲ್ಲಿ ಪುರಸಭೆ, ನಗರಸಭೆ ಹಾಗೂ ಮಹಾನಗರ ಪಾಲಿಕೆಗಳು ಶಾಸನದ ಮಿತಿಯೊಳಗೆ ಆಸ್ತಿ ತೆರಿಗೆಯನ್ನು ವಿಧಿಸುತ್ತವೆ. ತೆರಿಗೆಯ ಪ್ರಸ್ತಾವವನ್ನು ಮತದಾರರ ಮುಂದೆ ಮತಕ್ಕೆ ಹಾಕುವ ಪದ್ಧತಿ ಅಲ್ಲಿ ಇಲ್ಲ. ಆದುದರಿಂದ ಇಲ್ಲಿ ಮನೆಗೆ ಬರುವ ಸೂಚನಾ ಪತ್ರಗಳನ್ನು ಕೇವಲ ತಿಳಿವಳಿಕೆಗಾಗಿ ಕಳುಹಿಸಿದ ಕಾಗದವೆಂದು ಭಾವಿಸಿ ಬದಿಗಿಡುವುದುಂಟು. ಹಾಗೆ ಬದಿಗಿಟ್ಟ ಪತ್ರವು ಕೆಲವು ಸಂದರ್ಭಗಳಲ್ಲಿ ಪ್ರಸ್ತಾವಿತ ದರಕ್ಕೆ ನೀಡಿದ ಒಪ್ಪಿಗೆಯಾಗಿಯೇ ಪರಿಣಮಿಸುತ್ತದೆ.

ಯಾವ ವಸೂಲಾತಿಗೆ ಯಾರ ಒಪ್ಪಿಗೆ ಬೇಕು, ಆ ಒಪ್ಪಿಗೆಯನ್ನು ಹೇಗೆ ಎಣಿಸಲಾಗುತ್ತದೆ, ಮತ್ತು ಅಮೆರಿಕದ ಪೌರತ್ವ ಇಲ್ಲದ ಸ್ವತ್ತಿನ ಮಾಲೀಕರಿಗೆ ಯಾವ ಹಕ್ಕುಗಳಿವೆ ಎಂಬುದನ್ನು ಈ ಕೆಳಗೆ ವಿವರಿಸಲಾಗಿದೆ.

ಹಿನ್ನೆಲೆ

1978ರ ಜೂನ್ 6ರಂದು ಕ್ಯಾಲಿಫೋರ್ನಿಯಾದ ಮತದಾರರು ಸುಮಾರು ಶೇಕಡ 65ರಷ್ಟು ಬಹುಮತದಿಂದ ಪ್ರೊಪೊಸಿಷನ್ 13ನ್ನು ಅಂಗೀಕರಿಸಿದರು. ಹೋವರ್ಡ್ ಜಾರ್ವಿಸ್ ಮತ್ತು ಪಾಲ್ ಗ್ಯಾನ್ ಎಂಬುವರು ಇದರ ಪ್ರವರ್ತಕರಾಗಿದ್ದರು. ಇದರನ್ವಯ ಸ್ವತ್ತು ತೆರಿಗೆಯ ಮೂಲ ದರವನ್ನು ತೆರಿಗೆ ಮೌಲ್ಯದ ಶೇಕಡ 1ಕ್ಕೆ ಮಿತಿಗೊಳಿಸಲಾಯಿತು. ಸ್ವತ್ತಿನ ಮಾಲೀಕತ್ವ ಬದಲಾಗದಿದ್ದಲ್ಲಿ ಅಥವಾ ಹೊಸ ನಿರ್ಮಾಣ ನಡೆಯದಿದ್ದಲ್ಲಿ ತೆರಿಗೆ ಮೌಲ್ಯವು ವರ್ಷಕ್ಕೆ ಶೇಕಡ 2ಕ್ಕಿಂತ ಹೆಚ್ಚಾಗಿ ಏರತಕ್ಕದ್ದಲ್ಲ ಎಂದು ನಿಗದಿಪಡಿಸಲಾಯಿತು. ನಿರ್ದಿಷ್ಟ ಉದ್ದೇಶದ ವಿಶೇಷ ತೆರಿಗೆಗೆ ಮೂರನೇ ಎರಡರಷ್ಟು ಮತದಾರರ ಒಪ್ಪಿಗೆ ಬೇಕೆಂದೂ ವಿಧಿಸಲಾಯಿತು.

ಇದರಿಂದ ಸ್ಥಳೀಯ ಸಂಸ್ಥೆಗಳ ವರಮಾನ ತೀವ್ರವಾಗಿ ಕುಸಿಯಿತು. ಆಡಳಿತ ನಡೆಸಲು ಹಣ ಬೇಕಾಗಿದ್ದ ಸಂಸ್ಥೆಗಳು ತೆರಿಗೆ ಎಂಬ ಹೆಸರಿಲ್ಲದ ಇತರ ಮಾರ್ಗಗಳತ್ತ ತಿರುಗಿದವು. ಬೀದಿ ದೀಪ, ಉದ್ಯಾನ, ಮರಗಿಡಗಳ ನಿರ್ವಹಣೆ ಮುಂತಾದವುಗಳಿಗೆ ‘ಅಸೆಸ್‌ಮೆಂಟ್’ ಎಂಬ ಲಾಭಾಧಾರಿತ ಕರವನ್ನೂ, ಸೇವೆಗಳಿಗೆ ಶುಲ್ಕವನ್ನೂ ವಿಧಿಸುವುದು ಹೆಚ್ಚಾಯಿತು. ಉದ್ಯಾನಗಳ ನಿರ್ವಹಣೆಗೆ ಓರ್ಲಂಡ್ ನಗರವು ವಿಧಿಸಿದ್ದ ಇಂತಹ ಅಸೆಸ್‌ಮೆಂಟ್ ಅನ್ನು ರಾಜ್ಯದ ಸರ್ವೋಚ್ಚ ನ್ಯಾಯಾಲಯವು 1992ರಲ್ಲಿ ಎತ್ತಿಹಿಡಿಯಿತು. ಈ ಬೆಳವಣಿಗೆಗೆ ಪ್ರತಿಯಾಗಿ ಹೋವರ್ಡ್ ಜಾರ್ವಿಸ್ ತೆರಿಗೆದಾರರ ಸಂಘವು ಪ್ರೊಪೊಸಿಷನ್ 218ನ್ನು ಮುಂದಿಟ್ಟಿತು. ಶೇಕಡ 56ಕ್ಕೂ ಹೆಚ್ಚು ಮತಗಳಿಂದ ಅಂಗೀಕಾರಗೊಂಡ ಇದು ರಾಜ್ಯ ಸಂವಿಧಾನಕ್ಕೆ 13-ಸಿ ಮತ್ತು 13-ಡಿ ಎಂಬ ಎರಡು ವಿಧಿಗಳನ್ನು ಸೇರಿಸಿತು. ಇದರ ಅನುಷ್ಠಾನಕ್ಕಾಗಿ ರಾಜ್ಯ ಶಾಸನಸಭೆಯು 1997ರಲ್ಲಿ ಪ್ರತ್ಯೇಕ ಕಾಯಿದೆಯನ್ನು ಜಾರಿಗೊಳಿಸಿತು.

ವಸೂಲಾತಿಯ ಮೂರು ವಿಧಗಳು

ಸ್ಥಳೀಯ ಸಂಸ್ಥೆಯು ಕೇಳುವ ಹಣವು ಯಾವ ವರ್ಗಕ್ಕೆ ಸೇರಿದೆ ಎಂಬುದನ್ನು ಮೊದಲು ಗುರುತಿಸಬೇಕು. ಅದಕ್ಕನುಗುಣವಾಗಿ ಒಪ್ಪಿಗೆ ನೀಡುವವರೂ, ಎಣಿಕೆಯ ಕ್ರಮವೂ ಬದಲಾಗುತ್ತವೆ.

1. ತೆರಿಗೆ: ಇದಕ್ಕೆ ನೋಂದಾಯಿತ ಮತದಾರರು ಚುನಾವಣೆಯಲ್ಲಿ ಮತ ನೀಡುತ್ತಾರೆ. ಮತ ನೀಡುವವರು ಸ್ವತ್ತಿನ ಮಾಲೀಕರಾಗಿರಬೇಕೆಂಬ ನಿಯಮವಿಲ್ಲ.

2. ಅಸೆಸ್‌ಮೆಂಟ್: ಇದಕ್ಕೆ ಸಂಬಂಧಪಟ್ಟ ಸ್ವತ್ತಿನ ಮಾಲೀಕರು ಅಂಚೆ ಮೂಲಕ ಮತಪತ್ರ ಸಲ್ಲಿಸುತ್ತಾರೆ. ಪ್ರತಿ ಮತಕ್ಕೂ ಆ ಸ್ವತ್ತು ಕೊಡಬೇಕಾದ ಮೊತ್ತಕ್ಕೆ ತಕ್ಕ ತೂಕವಿರುತ್ತದೆ.

3. ಸ್ವತ್ತು ಸಂಬಂಧಿ ಶುಲ್ಕ: ನೀರು, ಒಳಚರಂಡಿ ಮತ್ತು ಕಸ ವಿಲೇವಾರಿ ದರಗಳು ಇದಕ್ಕೆ ಮುಖ್ಯ ಉದಾಹರಣೆಗಳು. ಇವುಗಳಿಗೆ ಮತದಾನವಿಲ್ಲ, ಲಿಖಿತ ಆಕ್ಷೇಪಣೆಗಳನ್ನು ಮಾತ್ರ ಎಣಿಸಲಾಗುತ್ತದೆ.

ವಿದ್ಯುತ್ ಮತ್ತು ಅನಿಲ ಸೇವೆಯ ದರಗಳನ್ನು ಸಂವಿಧಾನವು ಸ್ವತ್ತು ಸಂಬಂಧಿ ಶುಲ್ಕವೆಂದು ಪರಿಗಣಿಸುವುದಿಲ್ಲ.

ತೆರಿಗೆಗಳಿಗೆ ಅನ್ವಯಿಸುವ ನಿಯಮಗಳು

ತೆರಿಗೆಗಳಲ್ಲಿ ಸಾಮಾನ್ಯ ತೆರಿಗೆ ಹಾಗೂ ವಿಶೇಷ ತೆರಿಗೆ ಎಂಬ ಎರಡು ಬಗೆಗಳಿವೆ.

ಸಾಮಾನ್ಯ ತೆರಿಗೆಯಿಂದ ಬಂದ ಹಣವನ್ನು ಸಂಸ್ಥೆಯು ಯಾವುದೇ ಸಾರ್ವಜನಿಕ ಉದ್ದೇಶಕ್ಕೆ ಬಳಸಬಹುದು. ಇದಕ್ಕೆ ಸರಳ ಬಹುಮತ, ಅಂದರೆ ಚಲಾಯಿತ ಮತಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮತಗಳು ಬೇಕು. ಆಡಳಿತ ಮಂಡಳಿಯ ಸದಸ್ಯರ ಆಯ್ಕೆಗಾಗಿ ನಡೆಯುವ ನಿಯಮಿತ ಸಾರ್ವತ್ರಿಕ ಚುನಾವಣೆಯೊಡನೆಯೇ ಈ ಮತದಾನವನ್ನು ನಡೆಸತಕ್ಕದ್ದು. ಮಂಡಳಿಯು ಸರ್ವಾನುಮತದಿಂದ ತುರ್ತು ಪರಿಸ್ಥಿತಿಯನ್ನು ಘೋಷಿಸಿದಲ್ಲಿ ಮಾತ್ರ ಇದಕ್ಕೆ ವಿನಾಯಿತಿ ಇರುತ್ತದೆ. ಶಾಲಾ ಜಿಲ್ಲೆಯೂ ಸೇರಿದಂತೆ ಒಂದೇ ಉದ್ದೇಶಕ್ಕಾಗಿ ರಚಿತವಾದ ಜಿಲ್ಲೆಗಳು ಸಾಮಾನ್ಯ ತೆರಿಗೆಯನ್ನು ವಿಧಿಸುವಂತಿಲ್ಲ.

ವಿಶೇಷ ತೆರಿಗೆಯ ಹಣವನ್ನು ಗೊತ್ತುಪಡಿಸಿದ ಉದ್ದೇಶಕ್ಕೆ ಮಾತ್ರ ಬಳಸಬೇಕು. ಗ್ರಂಥಾಲಯ, ಅಗ್ನಿಶಾಮಕ ಸೇವೆ, ಶಾಲೆ ಮುಂತಾದವುಗಳಿಗಾಗಿ ಪ್ರತಿ ನಿವೇಶನದ ಮೇಲೆ ವಿಧಿಸುವ ‘ಪಾರ್ಸೆಲ್ ಟ್ಯಾಕ್ಸ್’ ಈ ಗುಂಪಿಗೆ ಸೇರಿದೆ. ಸಂಸ್ಥೆಯೇ ಪ್ರಸ್ತಾವ ಮಂಡಿಸಿದಲ್ಲಿ ಇದಕ್ಕೆ ಮೂರನೇ ಎರಡರಷ್ಟು ಮತಗಳು ಬೇಕು.

ನಾಗರಿಕರೇ ಸಹಿ ಸಂಗ್ರಹಿಸಿ ಮಂಡಿಸುವ ಪ್ರಸ್ತಾವಗಳ ವಿಷಯದಲ್ಲಿ ನ್ಯಾಯಾಲಯಗಳು ಭಿನ್ನ ನಿಲುವು ತಳೆದಿವೆ. ಸಾಮಾನ್ಯ ತೆರಿಗೆಯ ಚುನಾವಣಾ ದಿನಾಂಕದ ನಿರ್ಬಂಧವು ಇಂತಹ ಪ್ರಸ್ತಾವಗಳಿಗೆ ಅನ್ವಯಿಸುವುದಿಲ್ಲವೆಂದು 2017ರಲ್ಲಿ ಅಪ್‌ಲ್ಯಾಂಡ್ ನಗರದ ಪ್ರಕರಣದಲ್ಲಿ ರಾಜ್ಯದ ಸರ್ವೋಚ್ಚ ನ್ಯಾಯಾಲಯ ತೀರ್ಪು ನೀಡಿತು. ಅದನ್ನು ಅನುಸರಿಸಿ 2020ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ನಗರದ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು ನಾಗರಿಕರ ಪ್ರಸ್ತಾವದ ಮೂಲಕ ಬಂದ ವಿಶೇಷ ತೆರಿಗೆಗೆ ಸರಳ ಬಹುಮತವೇ ಸಾಕೆಂದು ಹೇಳಿತು. ಆದುದರಿಂದ ಅಂಗೀಕಾರಕ್ಕೆ ಎಷ್ಟು ಮತ ಬೇಕೆಂಬುದನ್ನು ಪ್ರತಿ ಚುನಾವಣೆಯಲ್ಲಿಯೂ ಮತದಾರರ ಮಾಹಿತಿ ಕೈಪಿಡಿಯಲ್ಲಿ ನೋಡಿಕೊಳ್ಳುವುದು ಸೂಕ್ತ.

ಇದಲ್ಲದೆ, ಸ್ಥಳೀಯ ಸಂಸ್ಥೆಗಳು ಕಟ್ಟಡ ಮುಂತಾದವುಗಳಿಗಾಗಿ ಸಾಲಪತ್ರ ಹೊರಡಿಸಿ, ಅದರ ಮರುಪಾವತಿಗಾಗಿ ಶೇಕಡ 1ರ ಮಿತಿಯನ್ನು ಮೀರಿ ಸ್ವತ್ತು ತೆರಿಗೆ ವಿಧಿಸಲು ಮತದಾರರ ಒಪ್ಪಿಗೆ ಪಡೆಯಬಹುದು. ಶಾಲಾ ಸಾಲಪತ್ರಗಳಿಗೆ ನಿಗದಿತ ಷರತ್ತುಗಳಿಗೊಳಪಟ್ಟು ಶೇಕಡ 55ರಷ್ಟು ಮತ ಸಾಕೆಂದು 2000ದ ನವೆಂಬರಿನಲ್ಲಿ ಪ್ರೊಪೊಸಿಷನ್ 39ರ ಮೂಲಕ ತೀರ್ಮಾನವಾಯಿತು. ವಸತಿ ಮತ್ತು ಮೂಲಸೌಕರ್ಯದ ಸಾಲಪತ್ರಗಳಿಗೂ ಇದೇ ಮಿತಿಯನ್ನು ವಿಸ್ತರಿಸಲು ಮಂಡಿಸಲಾಗಿದ್ದ ಪ್ರೊಪೊಸಿಷನ್ 5ನ್ನು ಮತದಾರರು 2024ರ ನವೆಂಬರಿನಲ್ಲಿ ತಿರಸ್ಕರಿಸಿದರು.

ಅಸೆಸ್‌ಮೆಂಟ್‌ಗೆ ಅನ್ವಯಿಸುವ ನಿಯಮಗಳು

ಒಂದು ಸ್ವತ್ತಿಗೆ ಸಾರ್ವಜನಿಕರೆಲ್ಲರಿಗೂ ದೊರೆಯುವ ಪ್ರಯೋಜನಕ್ಕಿಂತ ಮಿಗಿಲಾದ, ಪ್ರತ್ಯೇಕವಾದ ಲಾಭ ದೊರೆತಲ್ಲಿ ಮಾತ್ರ ಅಸೆಸ್‌ಮೆಂಟ್ ವಿಧಿಸಬಹುದು. ಇದನ್ನು ವಿಶೇಷ ಲಾಭ ಎನ್ನಲಾಗುತ್ತದೆ. ಸ್ವತ್ತಿನ ಮಾರುಕಟ್ಟೆ ಬೆಲೆ ಸಾಮಾನ್ಯವಾಗಿ ಹೆಚ್ಚುತ್ತದೆ ಎಂಬುದನ್ನೇ ವಿಶೇಷ ಲಾಭವೆಂದು ಹೇಳುವಂತಿಲ್ಲ. ಸಾಮಾನ್ಯ ಲಾಭದ ಪಾಲನ್ನು ಬೇರ್ಪಡಿಸಿ, ವಿಶೇಷ ಲಾಭದ ವೆಚ್ಚವನ್ನು ಮಾತ್ರ ಸ್ವತ್ತುಗಳ ಮೇಲೆ ಅನುಪಾತಕ್ಕನುಗುಣವಾಗಿ ಹಂಚತಕ್ಕದ್ದು. ಈ ಲೆಕ್ಕವನ್ನು ರಾಜ್ಯದ ನೋಂದಣಿ ಪಡೆದ ವೃತ್ತಿಪರ ಎಂಜಿನಿಯರ್ ಸಿದ್ಧಪಡಿಸಿದ ವಿವರವಾದ ವರದಿಯು ಸಮರ್ಥಿಸಬೇಕು. ಸರ್ಕಾರಿ ಸ್ವತ್ತುಗಳಿಗೂ ವಿಶೇಷ ಲಾಭ ದೊರೆಯುವುದಾದರೆ ಅವುಗಳಿಗೆ ವಿನಾಯಿತಿ ಇಲ್ಲ.

ಸಂಸ್ಥೆಯು ದಾಖಲಿತ ಮಾಲೀಕರಿಗೆ ಅಂಚೆ ಮೂಲಕ ಸೂಚನಾ ಪತ್ರವನ್ನೂ ಮತಪತ್ರವನ್ನೂ ಕಳುಹಿಸಬೇಕು. ಸೂಚನೆಯಲ್ಲಿ ಈ ಕೆಳಕಂಡ ವಿವರಗಳಿರಬೇಕು:

- ಇಡೀ ವಲಯದಿಂದ ವಸೂಲಾಗುವ ಒಟ್ಟು ಮೊತ್ತ
- ಸದರಿ ಸ್ವತ್ತು ಕೊಡಬೇಕಾದ ಮೊತ್ತ
- ವಸೂಲಾತಿ ಎಷ್ಟು ಕಾಲ ಮುಂದುವರಿಯುತ್ತದೆ ಎಂಬುದು
- ವಸೂಲಾತಿಯ ಕಾರಣ ಮತ್ತು ಲೆಕ್ಕಾಚಾರದ ಆಧಾರ
- ಸಾರ್ವಜನಿಕ ವಿಚಾರಣೆಯ ದಿನಾಂಕ, ಸಮಯ ಮತ್ತು ಸ್ಥಳ
- ಮತಪತ್ರವನ್ನು ತುಂಬಿ ಹಿಂದಿರುಗಿಸುವ ಹಾಗೂ ಎಣಿಸುವ ಕ್ರಮ

ಪತ್ರ ಕಳುಹಿಸಿದ ದಿನದಿಂದ ಕನಿಷ್ಠ 45 ದಿನಗಳ ನಂತರವೇ ವಿಚಾರಣೆ ನಡೆಯತಕ್ಕದ್ದು. ಲಕೋಟೆಯ ಮೇಲೆ ‘ಅಫಿಷಿಯಲ್ ಬ್ಯಾಲಟ್ ಎನ್‌ಕ್ಲೋಸ್ಡ್’ ಎಂದು, ಅಂದರೆ ಅಧಿಕೃತ ಮತಪತ್ರ ಒಳಗಿದೆ ಎಂಬ ಅರ್ಥದ ಇಂಗ್ಲಿಷ್ ಪದಗಳನ್ನು ದಪ್ಪ ಅಕ್ಷರಗಳಲ್ಲಿ ಮುದ್ರಿಸಿರಬೇಕೆಂದು ಕಾನೂನು ವಿಧಿಸುತ್ತದೆ. ಈ ಪದಗಳಿರುವ ಲಕೋಟೆಯನ್ನು ಜಾಹೀರಾತಿನ ಕಾಗದಗಳೊಡನೆ ಎಸೆಯಬಾರದು.

ಎಣಿಕೆಯ ಕ್ರಮವನ್ನು ಒಂದು ಕಾಲ್ಪನಿಕ ಉದಾಹರಣೆಯಿಂದ ತಿಳಿಯಬಹುದು. ಒಂದು ಬೀದಿಯಲ್ಲಿ ಮೂರು ಮನೆಗಳಿದ್ದು ತಲಾ 100 ಡಾಲರ್ ಹಾಗೂ ಒಂದು ಅಂಗಡಿ ಮಳಿಗೆಯಿದ್ದು 500 ಡಾಲರ್ ಕೊಡಬೇಕಾಗಿದೆ ಎಂದಿಟ್ಟುಕೊಳ್ಳೋಣ. ಮೂರೂ ಮನೆಗಳು ವಿರೋಧಿಸಿ, ಮಳಿಗೆಯೊಂದೇ ಬೆಂಬಲಿಸಿದಲ್ಲಿ ವಿರೋಧದ ತೂಕ 300, ಬೆಂಬಲದ ತೂಕ 500. ತಲೆಯೆಣಿಕೆಯಲ್ಲಿ ಮೂವರು ವಿರೋಧಿಸಿದ್ದರೂ ಬಹುಮತದ ಆಕ್ಷೇಪಣೆ ಇದೆಯೆಂದು ಆಗುವುದಿಲ್ಲ. ಸಂಸ್ಥೆಯು ಅಸೆಸ್‌ಮೆಂಟ್ ವಿಧಿಸಬಹುದು. ಮಳಿಗೆಯ ಮಾಲೀಕರು ಮತಪತ್ರವನ್ನೇ ಹಿಂದಿರುಗಿಸದಿದ್ದಲ್ಲಿ ವಿರೋಧದ 300ಕ್ಕೆ ಎದುರಾಗಿ ಬೆಂಬಲ ಸೊನ್ನೆಯಾಗುವುದರಿಂದ ಅಸೆಸ್‌ಮೆಂಟ್ ಬಿದ್ದುಹೋಗುತ್ತದೆ. ಹಿಂದಿರುಗಿ ಬಂದ ಮತಪತ್ರಗಳಿಗೆ ಮಾತ್ರ ಬೆಲೆ ಎಂಬುದನ್ನು ಇಲ್ಲಿ ಗಮನಿಸಬೇಕು.

ವಿಚಾರಣೆಯಲ್ಲಿ ಸಾರ್ವಜನಿಕರ ಅಹವಾಲು ಆಲಿಸುವುದು ಮುಗಿಯುವವರೆಗೆ ಮತಪತ್ರವನ್ನು ಸಲ್ಲಿಸಬಹುದು, ಬದಲಾಯಿಸಬಹುದು ಅಥವಾ ಹಿಂಪಡೆಯಬಹುದು. ಒಂದೇ ಸ್ವತ್ತಿನ ಹಲವು ಮಾಲೀಕರು ಬೇರೆ ಬೇರೆಯಾಗಿ ಮತಪತ್ರ ಸಲ್ಲಿಸಿದಲ್ಲಿ ತೂಕವನ್ನು ಅವರ ಮಾಲೀಕತ್ವದ ಪಾಲಿಗೆ ತಕ್ಕಂತೆ ಹಂಚಲಾಗುತ್ತದೆ. ಎಣಿಕೆಯ ಸಮಯದಲ್ಲಿ ಹಾಗೂ ಆನಂತರ ಈ ಮತಪತ್ರಗಳು ಸಾರ್ವಜನಿಕರು ನೋಡಬಹುದಾದ ದಾಖಲೆಗಳಾಗುತ್ತವೆ.

ಮತದಲ್ಲಿ ಗೆದ್ದ ಮಾತ್ರಕ್ಕೆ ಅಸೆಸ್‌ಮೆಂಟ್ ಸಿಂಧುವಾಗುವುದಿಲ್ಲ. ಸಾಂಟಾ ಕ್ಲಾರಾ ಕೌಂಟಿಯಲ್ಲಿ ಬಯಲು ಪ್ರದೇಶಗಳ ಸಂರಕ್ಷಣೆಗಾಗಿ 2001ರಲ್ಲಿ ಪ್ರತಿ ಏಕಕುಟುಂಬ ಮನೆಗೆ ವರ್ಷಕ್ಕೆ 20 ಡಾಲರ್‌ನಂತೆ ವಿಧಿಸಲಾಗಿದ್ದ ಅಸೆಸ್‌ಮೆಂಟ್‌ಗೆ ಮಾಲೀಕರ ಮತದಲ್ಲಿ ಬೆಂಬಲ ದೊರೆತಿತ್ತು. ಆದರೂ ವಿಶೇಷ ಲಾಭವನ್ನು ಸರಿಯಾಗಿ ತೋರಿಸಿಲ್ಲ, ಹಂಚಿಕೆಯೂ ಅನುಪಾತಕ್ಕನುಗುಣವಾಗಿಲ್ಲ ಎಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯವು 2008ರಲ್ಲಿ ಅದನ್ನು ಅಸಿಂಧುಗೊಳಿಸಿತು. ಇಂತಹ ವ್ಯಾಜ್ಯಗಳಲ್ಲಿ ರುಜುವಾತಿನ ಹೊಣೆ ಸಂಸ್ಥೆಯದೇ ಆಗಿರುತ್ತದೆ.

ಸ್ವತ್ತು ಸಂಬಂಧಿ ಶುಲ್ಕಕ್ಕೆ ಅನ್ವಯಿಸುವ ನಿಯಮಗಳು

ನೀರು, ಒಳಚರಂಡಿ ಮತ್ತು ಕಸ ವಿಲೇವಾರಿ ದರಗಳನ್ನು ವಿಧಿಸುವ ಅಥವಾ ಹೆಚ್ಚಿಸುವ ಮುನ್ನ ಸಂಸ್ಥೆಯು ಅಂಚೆ ಮೂಲಕ ಸೂಚನೆ ನೀಡಿ, ಕನಿಷ್ಠ 45 ದಿನಗಳ ನಂತರ ಸಾರ್ವಜನಿಕ ವಿಚಾರಣೆ ನಡೆಸಬೇಕು. ಈ ಸೂಚನೆಯನ್ನು ಮಾಮೂಲಿ ಬಿಲ್ಲಿನ ಜೊತೆಯಲ್ಲಿಯೇ ಕಳುಹಿಸಲು ಅವಕಾಶವಿದೆ. ಆದುದರಿಂದ ಬಿಲ್ಲಿನ ಲಕೋಟೆಯಲ್ಲಿರುವ ಇತರ ಹಾಳೆಗಳನ್ನೂ ಓದಿ ನೋಡಬೇಕು.

ಸಂಬಂಧಪಟ್ಟ ಸ್ವತ್ತುಗಳ ಪೈಕಿ ಅರ್ಧಕ್ಕಿಂತ ಹೆಚ್ಚಿನವುಗಳಿಂದ ಲಿಖಿತ ಆಕ್ಷೇಪಣೆ ಬಂದಲ್ಲಿ ಸಂಸ್ಥೆಯು ಆ ಶುಲ್ಕವನ್ನು ವಿಧಿಸುವಂತಿಲ್ಲ. ಒಂದು ಸ್ವತ್ತಿಗೆ ಒಂದೇ ಆಕ್ಷೇಪಣೆಯನ್ನು ಎಣಿಸಲಾಗುತ್ತದೆ. ಉದಾಹರಣೆಗೆ, 1,000 ಸ್ವತ್ತುಗಳಿರುವ ಪ್ರದೇಶದಲ್ಲಿ 501 ಲಿಖಿತ ಆಕ್ಷೇಪಣೆಗಳು ಬಂದರೆ ಪ್ರಸ್ತಾವ ಬಿದ್ದುಹೋಗುತ್ತದೆ. 400 ಮಂದಿ ಆಕ್ಷೇಪಿಸಿ ಉಳಿದ 600 ಮಂದಿ ಸುಮ್ಮನಿದ್ದರೆ, ಆ 600 ಮಂದಿಯೂ ಒಪ್ಪಿದಂತೆಯೇ ಸರಿ. ಅಸೆಸ್‌ಮೆಂಟ್‌ನಲ್ಲಿ ಬಾರದ ಮತಪತ್ರವನ್ನು ಯಾವ ಕಡೆಗೂ ಎಣಿಸುವುದಿಲ್ಲ. ಶುಲ್ಕದಲ್ಲಿ ಬಾರದ ಪತ್ರವು ಪ್ರಸ್ತಾವದ ಪರವಾಗಿ ನಿಲ್ಲುತ್ತದೆ. ಮೌನವೇ ಸಮ್ಮತಿಯೆಂಬ ಮಾತು ಇಲ್ಲಿ ಅಕ್ಷರಶಃ ಅನ್ವಯಿಸುತ್ತದೆ. ಈ ವ್ಯತ್ಯಾಸವನ್ನು ಓದುಗರು ವಿಶೇಷವಾಗಿ ನೆನಪಿನಲ್ಲಿಡಬೇಕು.

ನೀರು, ಒಳಚರಂಡಿ ಮತ್ತು ಕಸ ವಿಲೇವಾರಿಯನ್ನು ಹೊರತುಪಡಿಸಿ ಇತರ ಸ್ವತ್ತು ಸಂಬಂಧಿ ಶುಲ್ಕಗಳಿಗೆ ಆಕ್ಷೇಪಣೆಯ ಹಂತದ ನಂತರ ಮತದಾನವೂ ಬೇಕಾಗುತ್ತದೆ. ಸ್ವತ್ತಿನ ಮಾಲೀಕರ ಸರಳ ಬಹುಮತವನ್ನಾಗಲಿ, ಆ ಪ್ರದೇಶದ ಮತದಾರರ ಮೂರನೇ ಎರಡರಷ್ಟು ಬಹುಮತವನ್ನಾಗಲಿ ಪಡೆಯುವ ಆಯ್ಕೆ ಸಂಸ್ಥೆಗಿದೆ.

ಆಕ್ಷೇಪಣೆ ಬಾರದಿದ್ದರೂ ಸಂಸ್ಥೆಯು ಮೀರಲಾಗದ ಮಿತಿಗಳಿವೆ. ಅವು ಹೀಗಿವೆ:

- ಶುಲ್ಕದ ವರಮಾನವು ಸೇವೆ ಒದಗಿಸುವ ವೆಚ್ಚವನ್ನು ಮೀರತಕ್ಕದ್ದಲ್ಲ.
- ಆ ಹಣವನ್ನು ಬೇರೆ ಉದ್ದೇಶಕ್ಕೆ ಬಳಸತಕ್ಕದ್ದಲ್ಲ.
- ಯಾವುದೇ ಸ್ವತ್ತಿನ ಮೇಲಿನ ಮೊತ್ತವು ಆ ಸ್ವತ್ತಿಗೆ ತಗಲುವ ವೆಚ್ಚದ ಪಾಲನ್ನು ಮೀರತಕ್ಕದ್ದಲ್ಲ.
- ಸೇವೆಯನ್ನು ಮಾಲೀಕರು ವಾಸ್ತವವಾಗಿ ಬಳಸುತ್ತಿರಬೇಕು ಅಥವಾ ಅದು ಅವರಿಗೆ ಕೂಡಲೇ ಲಭ್ಯವಿರಬೇಕು. ಮುಂದೆಂದೋ ದೊರೆಯಬಹುದಾದ ಸೇವೆಗೆ ಶುಲ್ಕ ವಿಧಿಸುವಂತಿಲ್ಲ.
- ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್, ಗ್ರಂಥಾಲಯ ಮುಂತಾದ ಸಾಮಾನ್ಯ ಸರ್ಕಾರಿ ಸೇವೆಗಳಿಗೆ ಇಂತಹ ಶುಲ್ಕವನ್ನು ವಿಧಿಸುವಂತಿಲ್ಲ.

ಹೆಚ್ಚು ನೀರು ಬಳಸುವವರಿಗೆ ಹಂತ ಹಂತವಾಗಿ ಹೆಚ್ಚಿನ ದರ ವಿಧಿಸುವುದು ತನ್ನಷ್ಟಕ್ಕೆ ತಪ್ಪಲ್ಲ. ಆದರೆ ಪ್ರತಿ ಹಂತದ ದರವೂ ಆ ಹಂತದ ಸೇವೆಯ ವಾಸ್ತವಿಕ ವೆಚ್ಚಕ್ಕೆ ಹೊಂದಿಕೆಯಾಗಬೇಕೆಂದು 2015ರಲ್ಲಿ ಸ್ಯಾನ್ ವಾನ್ ಕ್ಯಾಪಿಸ್ಟ್ರಾನೊ ನಗರದ ಪ್ರಕರಣದಲ್ಲಿ ಮೇಲ್ಮನವಿ ನ್ಯಾಯಾಲಯವು ತೀರ್ಪಿತ್ತಿತು.

ನೀರಿನ ಸಂಸ್ಥೆಗಳು ಒಂದೇ ಸೂಚನೆಯ ಮೂಲಕ ಗರಿಷ್ಠ 5 ವರ್ಷಗಳ ದರಪಟ್ಟಿಗೆ ಒಪ್ಪಿಗೆ ಪಡೆಯಬಹುದು. ಅದರಲ್ಲಿ ಹಣದುಬ್ಬರಕ್ಕೆ ಅಥವಾ ಸಗಟು ನೀರಿನ ಬೆಲೆಗೆ ತಕ್ಕ ಹೊಂದಾಣಿಕೆಯೂ ಸೇರಿರಬಹುದು. ಇಂತಹ ಹೊಂದಾಣಿಕೆ ಜಾರಿಗೆ ಬರುವ ಕನಿಷ್ಠ 30 ದಿನಗಳ ಮುಂಚೆ ತಿಳಿವಳಿಕೆ ಪತ್ರ ಬರುತ್ತದೆಯಾದರೂ ಆಗ ಹೊಸದಾಗಿ ಆಕ್ಷೇಪಣೆಯ ಎಣಿಕೆ ನಡೆಯುವುದಿಲ್ಲ. ಆದುದರಿಂದ ಮೊದಲ ಸೂಚನೆಯಲ್ಲಿ ಎಷ್ಟು ವರ್ಷಗಳ ದರವಿದೆ ಎಂಬುದನ್ನು ಪರಿಶೀಲಿಸಬೇಕು.

ಅರ್ಜಿ ಸಲ್ಲಿಸಿ ಪಡೆಯುವ ಸೇವೆಗಳ ಶುಲ್ಕ

ಕಟ್ಟಡ ಪರವಾನಗಿ, ವ್ಯಾಪಾರ ಪರವಾನಗಿ, ಸಭಾಂಗಣದ ಬಾಡಿಗೆ ಮುಂತಾದವುಗಳಿಗೆ ಕೊಡುವ ಶುಲ್ಕಕ್ಕೆ ಮೇಲ್ಕಂಡ ಆಕ್ಷೇಪಣೆಯ ಕ್ರಮ ಅನ್ವಯಿಸುವುದಿಲ್ಲ. ಹೊಸದಾಗಿ ನೀರಿನ ಸಂಪರ್ಕ ಕೋರಿ ಅರ್ಜಿ ಸಲ್ಲಿಸುವವರು ಕೊಡಬೇಕಾದ ಸಂಪರ್ಕ ಶುಲ್ಕವು ಸ್ವಇಚ್ಛೆಯ ಅರ್ಜಿಯಿಂದ ಉಂಟಾಗುವುದರಿಂದ ಅದೂ ಸ್ವತ್ತು ಸಂಬಂಧಿ ಶುಲ್ಕವಲ್ಲವೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2004ರಲ್ಲಿ ಹೇಳಿದೆ.

ಆದರೆ ಇಂತಹ ಶುಲ್ಕಗಳಿಗೂ ಮಿತಿಯಿದೆ. 2010ರ ನವೆಂಬರ್ 2ರಂದು ಅಂಗೀಕಾರಗೊಂಡ ಪ್ರೊಪೊಸಿಷನ್ 26ರ ಪ್ರಕಾರ, ಸ್ಥಳೀಯ ಸಂಸ್ಥೆಯು ವಿಧಿಸುವ ಯಾವುದೇ ವಸೂಲಾತಿಯು ನಿಗದಿತ ಏಳು ವಿನಾಯಿತಿಗಳಲ್ಲಿ ಒಂದಕ್ಕೆ ಸೇರದಿದ್ದಲ್ಲಿ ಅದು ತೆರಿಗೆಯೇ ಆಗುತ್ತದೆ. ಅದಕ್ಕೆ ಮತದಾರರ ಒಪ್ಪಿಗೆ ಬೇಕಾಗುತ್ತದೆ. ನೇರವಾಗಿ ಒದಗಿಸುವ ಸೇವೆ ಹಾಗೂ ಪರವಾನಗಿಗಳ ಶುಲ್ಕವು ಸಮಂಜಸವಾದ ವೆಚ್ಚವನ್ನು ಮೀರದಿದ್ದಲ್ಲಿ ಮಾತ್ರ ವಿನಾಯಿತಿಗೆ ಒಳಪಡುತ್ತದೆ. ತಾನು ವಿಧಿಸಿದ್ದು ತೆರಿಗೆಯಲ್ಲವೆಂದು ತೋರಿಸಿಕೊಡುವ ಹೊಣೆ ಸಂಸ್ಥೆಯದು.

ಪೌರತ್ವವಿಲ್ಲದ ಮಾಲೀಕರು ಮತ್ತು ಬಾಡಿಗೆದಾರರ ಹಕ್ಕುಗಳು

ಈ ರಾಜ್ಯದಲ್ಲಿ ಮನೆ ಕೊಂಡಿರುವ ಅನೇಕ ಕನ್ನಡಿಗರು ಉದ್ಯೋಗ ವೀಸಾದ ಮೇಲೆ ಅಥವಾ ಗ್ರೀನ್ ಕಾರ್ಡ್ ಹೊಂದಿ ವಾಸಿಸುತ್ತಿದ್ದಾರೆ. ಅವರು ತೆರಿಗೆ ಕೊಡುತ್ತಾರಾದರೂ ತೆರಿಗೆಯ ಚುನಾವಣೆಯಲ್ಲಿ ಮತ ನೀಡುವಂತಿಲ್ಲ. ಅಮೆರಿಕದ ಪೌರರಲ್ಲದವರು ಮತದಾರರ ಪಟ್ಟಿಯಲ್ಲಿ ಹೆಸರು ನೋಂದಾಯಿಸಿಕೊಳ್ಳಬಾರದು. ಚಾಲನಾ ಪರವಾನಗಿಗೆ ಅರ್ಜಿ ಸಲ್ಲಿಸುವಾಗಲೂ ಈ ಬಗ್ಗೆ ಎಚ್ಚರ ವಹಿಸತಕ್ಕದ್ದು. ಕಾನೂನುಬಾಹಿರ ಮತದಾನದಿಂದ ವಲಸೆ ಸ್ಥಾನಮಾನಕ್ಕೆ ಗಂಭೀರ ಧಕ್ಕೆಯುಂಟಾಗುತ್ತದೆ.

ಈ ಎಚ್ಚರಿಕೆಯನ್ನು ಕೇಳಿದ ಹಲವರು ಅಸೆಸ್‌ಮೆಂಟ್‌ನ ಮತಪತ್ರವನ್ನೂ ಮುಟ್ಟಲು ಹಿಂಜರಿಯುವ ಸಂಭವವಿದೆ. ಆದರೆ ಅಸೆಸ್‌ಮೆಂಟ್‌ನ ಮತಪತ್ರ ಪ್ರಕ್ರಿಯೆಯು ಚುನಾವಣಾ ಕಾಯಿದೆಯ ಅರ್ಥದಲ್ಲಿ ಚುನಾವಣೆಯೂ ಅಲ್ಲ, ಮತದಾನವೂ ಅಲ್ಲವೆಂದು ರಾಜ್ಯದ ಕಾನೂನು ಸ್ಪಷ್ಟವಾಗಿ ಹೇಳಿದೆ. ಅದು ಸ್ವತ್ತಿನ ಮಾಲೀಕತ್ವದಿಂದ ಬರುವ ಹಕ್ಕು. ಕಂಪನಿಗಳು ಕೂಡ ಮಾಲೀಕರಾಗಿ ಈ ಮತಪತ್ರವನ್ನು ಸಲ್ಲಿಸುತ್ತವೆ. ಅದೇ ರೀತಿ ನೀರು, ಒಳಚರಂಡಿ ಮತ್ತು ಕಸದ ದರಗಳಿಗೆ ಲಿಖಿತ ಆಕ್ಷೇಪಣೆ ಸಲ್ಲಿಸಲು ಪೌರತ್ವದ ಅಗತ್ಯವಿಲ್ಲ. ಮತದಾನದ ಹಕ್ಕಿಲ್ಲದ ಮಾಲೀಕರಿಗೆ ಈ ಎರಡು ದಾರಿಗಳು ತೆರೆದಿವೆ.

ಸಂವಿಧಾನದ 13-ಡಿ ವಿಧಿಯು ಅಸೆಸ್‌ಮೆಂಟ್ ಅಥವಾ ಶುಲ್ಕವನ್ನು ನೇರವಾಗಿ ಕೊಡಲು ಬಾಧ್ಯರಾಗಿರುವ ಬಾಡಿಗೆದಾರರನ್ನೂ ಮಾಲೀಕರೆಂದೇ ಪರಿಗಣಿಸುತ್ತದೆ. ಹೀಗಾಗಿ ನೀರಿನ ಬಿಲ್ಲಿಗೆ ತಾವೇ ನೇರವಾಗಿ ಹೊಣೆಗಾರರಾಗಿರುವ ಬಾಡಿಗೆದಾರರೂ ಆಕ್ಷೇಪಣೆ ಸಲ್ಲಿಸಬಹುದು. ಬಾಡಿಗೆಯ ಮೊತ್ತದಲ್ಲಿಯೇ ನೀರಿನ ವೆಚ್ಚ ಸೇರಿದ್ದಲ್ಲಿ ಈ ಹಕ್ಕು ಬರುವುದಿಲ್ಲ.

ಹೊಸ ಬಡಾವಣೆಯಲ್ಲಿ ಮನೆ ಕೊಳ್ಳುವವರ ಗಮನಕ್ಕೆ

1982ರ ಮೆಲ್ಲೊ-ರೂಸ್ ಕಾಯಿದೆಯ ಪ್ರಕಾರ ರಸ್ತೆ, ಶಾಲೆ, ಉದ್ಯಾನ ಮುಂತಾದ ಸೌಕರ್ಯಗಳಿಗಾಗಿ ವಿಶೇಷ ವಲಯವನ್ನು ರಚಿಸಿ, ಮೂರನೇ ಎರಡರಷ್ಟು ಮತದಿಂದ ವಿಶೇಷ ತೆರಿಗೆ ವಿಧಿಸಬಹುದು. ಆ ಪ್ರದೇಶದಲ್ಲಿ 12ಕ್ಕಿಂತ ಕಡಿಮೆ ಮತದಾರರಿದ್ದಲ್ಲಿ ಭೂಮಾಲೀಕರೇ ಎಕರೆಯ ಲೆಕ್ಕದಲ್ಲಿ ಮತ ನೀಡುತ್ತಾರೆ. ಮನೆಗಳು ಏಳುವ ಮೊದಲು ಇಡೀ ಜಾಗ ನಿರ್ಮಾಣ ಸಂಸ್ಥೆಯ ಒಡೆತನದಲ್ಲಿರುವುದರಿಂದ, ಮುಂದೆ ಮನೆ ಕೊಳ್ಳುವವರು ಹಲವು ವರ್ಷ ಕೊಡಬೇಕಾದ ತೆರಿಗೆಗೆ ಅವರು ಬರುವ ಮೊದಲೇ ಒಪ್ಪಿಗೆ ದೊರೆತಿರುತ್ತದೆ. ಮಾರಾಟಗಾರರು ಈ ತೆರಿಗೆಯ ಬಗ್ಗೆ ಲಿಖಿತ ಸೂಚನೆ ನೀಡುವುದು ಅಗತ್ಯ. ಖರೀದಿ ಪತ್ರಗಳಿಗೆ ಸಹಿ ಹಾಕುವ ಮುನ್ನ ಈ ಸೂಚನೆಯನ್ನು ಕೇಳಿ ಪಡೆದು, ವಾರ್ಷಿಕ ಮೊತ್ತ, ಅದರ ಏರಿಕೆಯ ಪ್ರಮಾಣ ಮತ್ತು ಮುಕ್ತಾಯದ ವರ್ಷವನ್ನು ಓದಿಕೊಳ್ಳಬೇಕು.

ಸೂಚನಾ ಪತ್ರ ಬಂದಾಗ ಅನುಸರಿಸಬೇಕಾದ ಕ್ರಮ

1. ಪತ್ರದ ಮೇಲಿನ ದಿನಾಂಕ ಹಾಗೂ ವಿಚಾರಣೆಯ ದಿನಾಂಕವನ್ನು ಗುರುತು ಹಾಕಿಕೊಳ್ಳಬೇಕು.

2. ಅದು ತೆರಿಗೆಯೋ, ಅಸೆಸ್‌ಮೆಂಟೋ, ಶುಲ್ಕವೋ ಎಂಬುದನ್ನು ಖಚಿತಪಡಿಸಿಕೊಳ್ಳಬೇಕು.

3. ಎಂಜಿನಿಯರ್ ವರದಿ ಅಥವಾ ದರ ಅಧ್ಯಯನದ ಪ್ರತಿಯನ್ನು ಸಂಸ್ಥೆಯ ಕಚೇರಿಯಿಂದ ಕೇಳಿ ನೋಡಬೇಕು.

4. ಆಕ್ಷೇಪಿಸುವುದಾದಲ್ಲಿ ಪತ್ರದಲ್ಲಿ ಹೆಸರು, ಸ್ವತ್ತಿನ ವಿಳಾಸ ಅಥವಾ ಪಾರ್ಸೆಲ್ ಸಂಖ್ಯೆ, ಯಾವ ದರಕ್ಕೆ ಆಕ್ಷೇಪಣೆ ಎಂಬ ವಿವರ ಮತ್ತು ಸಹಿ ಇರಬೇಕು. ಮಿಂಚಂಚೆಯನ್ನು ಸ್ವೀಕರಿಸಲಾಗುತ್ತದೆಯೇ ಎಂಬುದನ್ನು ಸೂಚನೆಯಲ್ಲಿ ನೋಡಿಕೊಳ್ಳಬೇಕು. ಸಭೆಯಲ್ಲಿ ಬಾಯಿಮಾತಿನಲ್ಲಿ ಹೇಳಿದ ವಿರೋಧವು ಎಣಿಕೆಗೆ ಸೇರುವುದಿಲ್ಲ.

5. ವಿಚಾರಣೆ ಮುಕ್ತಾಯವಾಗುವುದರೊಳಗೆ ಪತ್ರವು ಸಂಸ್ಥೆಗೆ ತಲುಪಿರಬೇಕು. ಅಂಚೆಗೆ ಹಾಕಿದ ದಿನಾಂಕವನ್ನು ನೆಚ್ಚಿಕೊಳ್ಳದೆ ಮುಂಚಿತವಾಗಿಯೇ ಕಳುಹಿಸುವುದು ಒಳ್ಳೆಯದು. ಒಂದು ಪ್ರತಿಯನ್ನು ತಮ್ಮಲ್ಲಿ ಇರಿಸಿಕೊಳ್ಳಬೇಕು.

6. ಅಂಚೆ ವಿಳಾಸ ಬದಲಾಗಿದ್ದಲ್ಲಿ ಕೌಂಟಿ ಅಸೆಸರ್ ಕಚೇರಿಗೆ ತಿಳಿಸಬೇಕು. ಅಸೆಸ್‌ಮೆಂಟ್‌ನ ಮತಪತ್ರವು ತೆರಿಗೆ ದಾಖಲೆಯಲ್ಲಿರುವ ವಿಳಾಸಕ್ಕೇ ಹೋಗುತ್ತದೆ. ಮನೆಯನ್ನು ಬಾಡಿಗೆಗೆ ಕೊಟ್ಟು ಬೇರೆಡೆ ಇರುವವರಿಗೆ ಇದು ಮುಖ್ಯ.

ಪದೇ ಪದೇ ಕೇಳಲಾಗುವ ಪ್ರಶ್ನೆಗಳು

ಪ್ರಶ್ನೆ: ಆಕ್ಷೇಪಣೆ ಸಲ್ಲಿಸಿದ್ದೇನೆ. ಬಿಲ್ಲನ್ನು ಕಟ್ಟದೆ ಇರಬಹುದೇ?
ಉತ್ತರ: ಇಲ್ಲ. ದರ ಜಾರಿಗೆ ಬಂದ ನಂತರ ಪಾವತಿ ಮಾಡತಕ್ಕದ್ದು. ಸ್ವತ್ತು ತೆರಿಗೆಯ ಬಿಲ್ಲಿನಲ್ಲಿ ಸೇರಿದ ಮೊತ್ತಗಳ ಮೊದಲ ಕಂತನ್ನು ಡಿಸೆಂಬರ್ 10ರೊಳಗೆ, ಎರಡನೆಯ ಕಂತನ್ನು ಏಪ್ರಿಲ್ 10ರೊಳಗೆ ಪಾವತಿಸದಿದ್ದಲ್ಲಿ ದಂಡ ಬೀಳುತ್ತದೆ.

ಪ್ರಶ್ನೆ: ಹಿರಿಯರಿಗೆ ವಿನಾಯಿತಿ ಇದೆಯೇ?
ಉತ್ತರ: ಶಾಲಾ ಜಿಲ್ಲೆಗಳು ತಮ್ಮ ಪಾರ್ಸೆಲ್ ತೆರಿಗೆಯಲ್ಲಿ, ಆ ಸ್ವತ್ತಿನಲ್ಲಿ ವಾಸಿಸುವ 65 ವರ್ಷ ಅಥವಾ ಅದಕ್ಕೆ ಮೇಲ್ಪಟ್ಟ ಮಾಲೀಕರಿಗೆ ವಿನಾಯಿತಿ ನೀಡಲು ಅವಕಾಶವಿದೆ. ಇದು ಎಲ್ಲ ಜಿಲ್ಲೆಗಳಲ್ಲಿಯೂ ಇರುವುದಿಲ್ಲ. ಇರುವಲ್ಲಿಯೂ ಅರ್ಜಿ ಸಲ್ಲಿಸದೆ ದೊರೆಯುವುದಿಲ್ಲ. ಅರ್ಜಿಯ ಕೊನೆಯ ದಿನಾಂಕವನ್ನು ಆಯಾ ಶಾಲಾ ಜಿಲ್ಲೆಯಲ್ಲಿ ವಿಚಾರಿಸಬೇಕು.

ಪ್ರಶ್ನೆ: ಈಗಾಗಲೇ ಜಾರಿಯಲ್ಲಿರುವ ದರವನ್ನು ಇಳಿಸಲು ಸಾಧ್ಯವೇ?
ಉತ್ತರ: ಸಾಧ್ಯವಿದೆ. ಸ್ಥಳೀಯ ತೆರಿಗೆ, ಅಸೆಸ್‌ಮೆಂಟ್ ಹಾಗೂ ಶುಲ್ಕಗಳನ್ನು ತಗ್ಗಿಸಲು ಅಥವಾ ರದ್ದುಗೊಳಿಸಲು ಮತದಾರರು ಸಹಿ ಸಂಗ್ರಹಿಸಿ ಪ್ರಸ್ತಾವ ಮಂಡಿಸುವ ಹಕ್ಕನ್ನು 13-ಸಿ ವಿಧಿ ನೀಡಿದೆ. ನೀರಿನ ದರಗಳಿಗೂ ಇದು ಅನ್ವಯಿಸುತ್ತದೆಂದು ರಾಜ್ಯದ ಸರ್ವೋಚ್ಚ ನ್ಯಾಯಾಲಯ 2006ರಲ್ಲಿ ತೀರ್ಪಿತ್ತಿದೆ.

ಪ್ರಶ್ನೆ: ದರವನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಲು ಕಾಲಮಿತಿ ಇದೆಯೇ?
ಉತ್ತರ: ನೀರು ಮತ್ತು ಒಳಚರಂಡಿ ದರಗಳಿಗೆ ಸಂಬಂಧಿಸಿ 2021ರ ಶಾಸನವು 120 ದಿನಗಳ ಕಾಲಮಿತಿಯನ್ನು ನಿಗದಿಪಡಿಸಿದೆ. ಇದಲ್ಲದೆ 2025ರ ಜನವರಿ 1ರಿಂದ ಜಾರಿಗೆ ಬಂದ ನಿಯಮದಂತೆ, ಸಂಸ್ಥೆಯು ನಿಗದಿತ ಕ್ರಮವನ್ನು ಪಾಲಿಸಿದ್ದಲ್ಲಿ, ವಿಚಾರಣೆಯ ಹಂತದಲ್ಲಿ ಕಾರಣಸಹಿತ ಲಿಖಿತ ಆಕ್ಷೇಪಣೆಯನ್ನು ಸಕಾಲದಲ್ಲಿ ಸಲ್ಲಿಸದವರು ನೀರು, ಒಳಚರಂಡಿ ದರ ಅಥವಾ ಅಸೆಸ್‌ಮೆಂಟ್ ವಿರುದ್ಧ ಆನಂತರ ದಾವೆ ಹೂಡುವಂತಿಲ್ಲ. ಆದುದರಿಂದ ಪತ್ರದಲ್ಲಿ ‘ವಿರೋಧಿಸುತ್ತೇನೆ’ ಎಂದಷ್ಟೇ ಬರೆಯದೆ, ಕಾರಣಗಳನ್ನೂ ಬರೆಯುವುದು ಕ್ಷೇಮಕರ.

ಕೊನೆಯದಾಗಿ

ಹಣ ಕೇಳುವ ಸಂಸ್ಥೆಗೂ ತನ್ನದೇ ಆದ ಅಗತ್ಯಗಳಿರುತ್ತವೆ. ಹಳೆಯ ಕೊಳವೆಗಳನ್ನು ಬದಲಾಯಿಸದೆ ನೀರು ಬರುವುದಿಲ್ಲ. ಪ್ರತಿ ಏರಿಕೆಯನ್ನೂ ವಿರೋಧಿಸಬೇಕೆಂಬುದು ಈ ನಿಯಮಗಳ ಉದ್ದೇಶವಲ್ಲ. ಲೆಕ್ಕವನ್ನು ಕೇಳಿ, ಓದಿ, ಸರಿಯೆನಿಸಿದರೆ ಒಪ್ಪುವ, ಇಲ್ಲವಾದರೆ ಆಕ್ಷೇಪಿಸುವ ಅವಕಾಶವನ್ನು ಅವು ಕಲ್ಪಿಸುತ್ತವೆ. ಆ ಅವಕಾಶಕ್ಕೆ ನಿಗದಿತ ದಿನಗಳ ಗಡುವಿದೆ. ಪತ್ರ ಕೈಸೇರಿದ ದಿನವೇ ಅದನ್ನು ತೆರೆದು ನೋಡಬೇಕೆಂದು ಸಾರ್ವಜನಿಕರಲ್ಲಿ ಕೋರಲಾಗಿದೆ.

ಈ ಮಾಹಿತಿಯು ಸಾಮಾನ್ಯ ತಿಳಿವಳಿಕೆಗಾಗಿ ಮಾತ್ರವಾಗಿದ್ದು, ಕಾನೂನು ಸಲಹೆಯಾಗಿರುವುದಿಲ್ಲ. ನಿರ್ದಿಷ್ಟ ಪ್ರಕರಣಗಳಲ್ಲಿ ಸಂಬಂಧಪಟ್ಟ ಸ್ಥಳೀಯ ಸಂಸ್ಥೆಯ ಕ್ಲರ್ಕ್ ಕಚೇರಿಯನ್ನು ಅಥವಾ ಅರ್ಹ ವಕೀಲರನ್ನು ಸಂಪರ್ಕಿಸತಕ್ಕದ್ದು.